ಗೇಟಲ್ಲಿ ಡೊಳ್ಳು, ಹಾಲ್ ಒಳಗೆ ಜೆಂಬೆ

ಬೆಂಗಳೂರಿನ ಕಂಪನಿಗಳಲ್ಲಿ ಟೀಮ್ ಬಿಲ್ಡಿಂಗ್ ಅಂದ್ರೆ ಈಗ ಡ್ರಮ್ ಸರ್ಕಲ್. ರೆಸಾರ್ಟಿನ ಹಾಲಲ್ಲಿ ಸುತ್ತಲೂ ಕುರ್ಚಿ, ಒಬ್ಬೊಬ್ಬರ ಮಂಡಿ ನಡುವೆ ಒಂದೊಂದು ಜೆಂಬೆ ಅನ್ನೋ ಆಫ್ರಿಕಾದ ಡ್ರಮ್, ಮಧ್ಯೆ ನಿಂತು ಕೈಸನ್ನೆ ಮಾಡೋ ಫೆಸಿಲಿಟೇಟರ್. ಗೇಲಿ ಮಾಡೋರು ಬಹಳ ಜನ. ನಾನಂತೂ ಮಾಡಲ್ಲ. ಅದರಿಂದ ಉಪಯೋಗ ಇದೆ.

ಮೊದಮೊದಲು ಬರೀ ಗದ್ದಲ. ಆಮೇಲೆ ಹೇಗೋ ಪೆಟ್ಟು ಕೂಡುತ್ತೆ, ಕೂಡಿದ ಹುರುಪಿಗೆ ಎಲ್ಲರೂ ಲಯ ಓಡಿಸೋಕೆ ಶುರು ಮಾಡ್ತಾರೆ. ಆಗ ಅದನ್ನ ಹಿಡಿದು ನಿಲ್ಲಿಸೋರು ಎಷ್ಟೋ ಸಲ ಮೀಟಿಂಗಲ್ಲಿ ಬಾಯೇ ಬಿಡದವರು. ಟೆಸ್ಟಿಂಗ್ ಟೀಮಿನ ಹುಡುಗಿ ತಲೆ ತಗ್ಗಿಸಿಕೊಂಡು ಒಂದೇ ಸಮ ಬಾರಿಸ್ತಿರ್ತಾಳೆ, ಮ್ಯಾನೇಜರ್ ಸಾಹೇಬರು ಅವಳ ಕೈ ನೋಡಿ ತಮ್ಮ ತಾಳ ಸರಿ ಮಾಡ್ಕೋತಾರೆ. ಜೋರಾಗಿ ಬಡಿಯೋನಿಗೆ ಪಕ್ಕದವನದು ಕೇಳಲ್ಲ, ಕೇಳದೇ ಇದ್ರೆ ತಾಳ ತಪ್ಪುತ್ತೆ. ಇದನ್ನ ಸ್ಲೈಡ್ ಹಾಕಿ ಹೇಳಿದ್ರೆ ಯಾರ ತಲೆಗೂ ಹೋಗಲ್ಲ.

2011ರಲ್ಲಿ ಪ್ಲಾಸ್ ಒನ್ ಅನ್ನೋ ವಿಜ್ಞಾನ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು. ಸಂಗೀತ ಗೊತ್ತಿಲ್ಲದ 18 ಹೆಂಗಸರಿಗೆ ಡ್ರಮ್ ಬಾರಿಸೋಕೆ ಹೇಳಿ ಮಿದುಳಿನ ಸ್ಕ್ಯಾನ್ ತೆಗೆದ್ರು. ತಾಳ ಸುಲಭವಾಗಿ ಕೈಗೆ ಹತ್ತಿದವರಲ್ಲಿ, ಇನ್ನೊಬ್ಬರ ಜೊತೆ ಪೆಟ್ಟು ಕೂಡಿದಾಗ, ದುಡ್ಡು ಸಿಕ್ಕಾಗ ಚುರುಕಾಗೋ ಭಾಗವೇ ಚುರುಕಾಯ್ತು. ಆಮೇಲೆ ಜೊತೆಗಾರರು ಬೇಕಂತಲೇ 8 ಪೆನ್ಸಿಲ್ ಬೀಳಿಸಿದ್ರು. ಆ ಭಾಗ ಹೆಚ್ಚು ಚುರುಕಾಗಿದ್ದವರು ಹೆಚ್ಚು ಪೆನ್ಸಿಲ್ ಎತ್ತಿಕೊಟ್ರು. ಸಣ್ಣ ಅಧ್ಯಯನ, ನಿಜ. (ಎಚ್‌ಆರ್‌ನವರು ಇದನ್ನ ಓದಿ ಇನ್‌ಕ್ರಿಮೆಂಟ್ ಬದಲು ಜೆಂಬೆ ಕೊಡದಿದ್ರೆ ಸಾಕು.)

ನನ್ನ ತಕರಾರು ಬೇರೆ. ಅದೇ ಕಂಪನಿಯ ವಾರ್ಷಿಕೋತ್ಸವಕ್ಕೆ ಡೊಳ್ಳಿನ ತಂಡ ಬರುತ್ತೆ, ಗೇಟಿನವರೆಗೆ ಮಾತ್ರ. ಮುಖ್ಯ ಅತಿಥಿಗಳ ಕಾರು ಬಂತು, ಬಾರಿಸಿದ್ರು, ಮುಗೀತು. ಆಮೇಲೆ ಅಡುಗೆಮನೆ ಹಿಂದೆ ಕೂತು ಊಟದ ಪೊಟ್ಟಣ ಬಿಚ್ಚಬೇಕು. ಕುರುಬರು ಬೀರೇಶ್ವರನ ಸೇವೆಯಲ್ಲಿ ತಲೆತಲಾಂತರದಿಂದ ಉಳಿಸಿಕೊಂಡು ಬಂದ ವಿದ್ಯೆ ಅದು. ಅಷ್ಟು ಭಾರದ ಡೊಳ್ಳು ಕಟ್ಟಿಕೊಂಡು ಹತ್ತಾರು ಜನ ಒಟ್ಟಿಗೆ ಹಾರಿ ತಿರುಗುವಾಗ ಒಬ್ಬ ಅರೆಕ್ಷಣ ತಡ ಮಾಡಿದ್ರೂ ಪಕ್ಕದವನಿಗೆ ಡಿಕ್ಕಿ. ಅಷ್ಟೂ ಜನರನ್ನ ನಡೆಸೋನ ಕೈಲಿ ಡೊಳ್ಳೇ ಇರಲ್ಲ, ಒಂದು ಜೊತೆ ಕೈತಾಳ ಇರುತ್ತೆ ಅಷ್ಟೇ. ಲೀಡರ್‌ಶಿಪ್ ಕಲಿಸೋಕೆ ಇನ್ನೇನು ಬೇಕಿತ್ತು?

ತಮಟೆಯ ಕಥೆ ಇನ್ನೂ ಕಹಿ. ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡಿ, ಒಂದು ಕೈಲಿ ದಪ್ಪ ಕೋಲು, ಇನ್ನೊಂದರಲ್ಲಿ ಸಣ್ಣ ಕಡ್ಡಿ ಹಿಡಿದು ಬಾರಿಸೋ ವಾದ್ಯ. ದಲಿತರ ಕೈಯದು ಅನ್ನೋ ಕಾರಣಕ್ಕೆ ಊರಲ್ಲಿ ಅದನ್ನ ಮುಟ್ಟದ ಮನೆತನದ ಹುಡುಗ, ಇಲ್ಲಿ ಆಫ್ರಿಕಾದ ಮೇಕೆ ಚರ್ಮದ ಜೆಂಬೆ ತಬ್ಬಿಕೊಂಡು ಸೆಲ್ಫಿ ಹಾಕ್ತಾನೆ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ ಪದ್ಮಶ್ರೀ ಬಂತು. ಆಮೇಲಾದ್ರೂ ನಮ್ಮ ಆಫೀಸುಗಳಿಗೆ ಹೊಳೀಬೇಕಿತ್ತು.

ಜೆಂಬೆ ಮೇಲೆ ನನಗೇನೂ ಸಿಟ್ಟಿಲ್ಲ, ಚೆಂದದ ವಾದ್ಯ. ಆದ್ರೆ ಮುಂದಿನ ಸಲ ಆಫೀಸಿನ ಹೊರಗೆ ಇಂಥ ಕೂಟ ಇಟ್ಕೊಂಡಾಗ ಒಂದು ತಮಟೆ ತಂಡವನ್ನ ಹಾಲ್ ಒಳಗೆ ಕರೆಸಿ, ಕಲಿಸೋರಾಗಿ. ಮೊದಲ ದಿನವೇ ಕಷ್ಟದ ಗತ್ತು (ಬಾರಿಸೋ ವರಸೆ) ಬೇಡ, ಸುಲಭದ್ದೇ ಹೇಳಿಕೊಡಲಿ. ಫೆಸಿಲಿಟೇಟರಿಗೆ ಕೊಡೋಷ್ಟೇ ದುಡ್ಡು ಅವರಿಗೂ ಕೊಡಿ, ಅವತ್ತೇ ಕೊಡಿ. ಬಿಲ್ ಪಾಸಾಗಿಲ್ಲ ಅಂತ ತಿಂಗಳುಗಟ್ಟಲೆ ಅಲೆಸಬೇಡಿ.