ಪೈಪಿನೊಳಗೆ ಏನಿದೆ ಅಂತ ಮಾತ್ರ ಕೇಳಬೇಡಿ

ಹಾಸನದ ಒಂದು ಕಚೇರಿ ಗ್ಯಾಸ್ಕೆಟ್ ಖರೀದಿಗೆ ಟೆಂಡರ್ ಕರೆದಿತ್ತು. ಗ್ಯಾಸ್ಕೆಟ್ ಅಂದರೆ ಎರಡು ಪೈಪು ಸೇರುವ ಕಡೆ ಸೋರದಂತೆ ನಡುವೆ ಕೂರಿಸುವ ಬಿಲ್ಲೆ. ಯಾವ ಕಚೇರಿ ಅಂತ ಹೇಳುವುದಿಲ್ಲ. ಹೇಳದೇ ಇದ್ದರೂ ನಾಲ್ಕು ಕಚೇರಿಯವರು ಇದು ನಮ್ಮ ಬಗ್ಗೆಯೇ ಅಂತ ಮುನಿಸಿಕೊಳ್ಳುವುದು ಗ್ಯಾರಂಟಿ.

ಟೆಂಡರ್ ಕಾಗದ ಬಲು ದಪ್ಪ. ಸಪ್ಲೈ ಮಾಡುವವನ ಪ್ಯಾನ್ ಕಾರ್ಡ್ ಬೇಕು, ಜಿಎಸ್‌ಟಿ ನಂಬರ್ ಬೇಕು, ಮೂರು ವರ್ಷದ ವಹಿವಾಟಿಗೆ ಆಡಿಟರ್ ಸಹಿ ಬೇಕು, ಇಎಂಡಿ ಅನ್ನುವ ಮುಂಗಡ ಠೇವಣಿ ಕಟ್ಟಿರಬೇಕು, ತಾನು ಕಪ್ಪುಪಟ್ಟಿಯಲ್ಲಿಲ್ಲ ಅಂತ ಛಾಪಾ ಕಾಗದದಲ್ಲಿ ಅಫಿಡವಿಟ್ ಕೊಡಬೇಕು. ಅವನ ಜಾತಕ ಪೂರ್ತಿ ಜಾಲಾಡಿದ ಮೇಲೆ, ಕೊನೇ ಪುಟದಲ್ಲಿ ಮಾಲಿನ ವಿವರ ಒಂದೇ ಸಾಲು: ‘ರಬ್ಬರ್ ಶೀಟ್, ಕಪ್ಪು, ಉತ್ತಮ ಗುಣಮಟ್ಟದ್ದು, ದಪ್ಪ 3 ಮಿ.ಮೀ., ದರ ಕೆಜಿಗೆ.’

ಆ ಶೀಟಿನಿಂದ ಕತ್ತರಿಸಿದ ಗ್ಯಾಸ್ಕೆಟ್ ಕೂರುವ ಪೈಪಿನಲ್ಲಿ ಹರಿಯುವುದು ನೀರೋ, ಹಬೆಯೋ, ಡೀಸೆಲ್ಲೋ? ಎಷ್ಟು ಬಿಸಿ? ಎಷ್ಟು ಪ್ರೆಶರ್? ಒಂದಕ್ಷರ ಇಲ್ಲ. ಸರ್ಕಾರಿ ಖರೀದಿಗೆ 1999ರ ಪಾರದರ್ಶಕತೆ ಕಾಯ್ದೆ ಬಂದ ಮೇಲೆ ಎಲ್ಲ ಹೀಗೇ ಮಾಡಬೇಕಲ್ವಾ ಅನ್ನುತ್ತಾರೆ ಕಚೇರಿಯವರು. ನಮಗೆ ಏನು ಬೇಕು ಅಂತ ಬರೆಯಬಾರದು ಅಂತ ಪಾಪ ಆ ಕಾಯ್ದೆ ಎಲ್ಲೂ ಹೇಳಿಲ್ಲ.

ಕೆಜಿ ಲೆಕ್ಕದಲ್ಲೂ ಒಂದು ಮಜಾ ಇದೆ. ಅಗ್ಗದ ಶೀಟಿನಲ್ಲಿ ರಬ್ಬರ್ ಕಡಿಮೆ, ಸುಣ್ಣದ ಪುಡಿ, ಜೇಡಿಮಣ್ಣಿನಂಥ ತುಂಬುವ ಮಾಲು ಜಾಸ್ತಿ. ಪುಡಿ ಜಾಸ್ತಿಯಾದಷ್ಟೂ ತೂಕ ಜಾಸ್ತಿ. ಕೆಜಿಗೆ ಅಗ್ಗವಾಗಿ ಸಿಕ್ಕ ಶೀಟು ಹಾಸಿ ಅಳೆದರೆ ಗೇಣು ಕಡಿಮೆ ಬರುತ್ತದೆ. ಮಡಿಸಿದರೆ ಮಡಿಕೆಯಲ್ಲೇ ಬಿರುಕು ಕಾಣುತ್ತದೆ. ಸ್ಟೋರಿನವರು ಮಡಿಸಿ ನೋಡಲಿಲ್ಲ, ಅಳೆಯಲಿಲ್ಲ. ತೂಕ ಹಾಕಿದರು. ತೂಕ ಸರಿಯಾಗಿತ್ತು. ಬಿಲ್ ಪಾಸಾಯಿತು.

ಇನ್ನು ‘ಒಗ್ಗೂಡಿಸಿದ ಖರೀದಿ’ ಅನ್ನುವ ಜಾಣತನ. ಒಂದೇ ಸಲ ಜಾಸ್ತಿ ಕೊಂಡರೆ ರೇಟು ಇಳಿಯುತ್ತದೆ. ಹಾಗಾಗಿ ನೀರಿನ ಪಂಪ್ ಹೌಸ್, ಡೀಸೆಲ್ ಜನರೇಟರ್, ಹಾಸ್ಟೆಲ್ ಅಡುಗೆಮನೆಯ ಹಬೆ ಲೈನು, ಬಿತ್ತನೆ ಆಲೂಗಡ್ಡೆ ಇಡುವ ಕೋಲ್ಡ್ ಸ್ಟೋರೇಜು, ನಾಲ್ಕಕ್ಕೂ ಒಂದೇ ಶೀಟು. ಸಮಾನತೆ ಅಂದರೆ ಇದು.

ಪಂಪ್ ಹೌಸಿನಲ್ಲಿ ಶೀಟು ಚೆನ್ನಾಗಿಯೇ ನಿಂತಿತು. ತಣ್ಣೀರಿಗೆ ಮಾಮೂಲಿ ರಬ್ಬರ್ ಸಾಕು, ಅದರಲ್ಲೇನೂ ತಪ್ಪಿಲ್ಲ. ಅಲ್ಲಿ ಫೋಟೋ ತೆಗೆಸಿಕೊಂಡು ಪ್ರಗತಿ ವರದಿಗೆ ಅಂಟಿಸಿದರು.

ಜನರೇಟರ್ ಕಡೆ ಯಾರೂ ಫೋಟೋಗೆ ನಿಲ್ಲಲಿಲ್ಲ. ಮಾಮೂಲಿ ರಬ್ಬರಿಗೆ ಎಣ್ಣೆ, ಡೀಸೆಲ್ ಆಗುವುದಿಲ್ಲ. ಹೀರಿಕೊಂಡು ಊದಿ, ಮೆತ್ತಗಾಗಿ, ಫ್ಲ್ಯಾಂಜಿನ, ಅಂದರೆ ಬೋಲ್ಟ್ ಹಾಕಿ ಪೈಪು ಜೋಡಿಸುವ ಬಳೆಯ, ಸಂದಿಯಿಂದ ಆಚೆಗೆ ಇಣುಕಿತು. ಅಲ್ಲಿಗೆ ಬೇಕಿದ್ದದ್ದು ನೈಟ್ರೈಲ್ ರಬ್ಬರ್. ಅದೂ ಕಪ್ಪಗೇ ಇರುತ್ತದೆ, ಅಂಗಡಿಯಲ್ಲೂ ಸಿಗುತ್ತದೆ. ಬೆಲೆ ಸ್ವಲ್ಪ ಜಾಸ್ತಿ. ಟೆಂಡರಿನಲ್ಲಿ ‘ಡೀಸೆಲ್’ ಅಂತ ಒಂದು ಪದ ಬರೆದಿದ್ದರೆ ಮುಗಿಯುತ್ತಿತ್ತು.

ಹಾಸ್ಟೆಲ್ಲಿನ ಕತೆ ಇನ್ನೂ ಚೆಂದ. ಅಲ್ಲಿ ಮೊದಲು ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಶೀಟು ಇತ್ತು. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಕೇಡು, ತೆಗೆಯಿರಿ ಅಂತ ಆದೇಶ ಬಂತು. ಅಪರೂಪಕ್ಕೆ ಸರಿಯಾದ ಆದೇಶ. ಕಲ್ನಾರು ಇಲ್ಲದ ನಾರಿನ ಶೀಟು ಬೇರೆ ಇದೆ, ಅದನ್ನು ತರಬಹುದಿತ್ತು. ಇವರು ಕಲ್ನಾರು ತೆಗೆದು ಕಪ್ಪು ರಬ್ಬರ್ ಕೂರಿಸಿದರು. ಒಂದು ಕೆಜಿ ಪ್ರೆಶರಿನಲ್ಲೇ ಹಬೆ 120 ಡಿಗ್ರಿ ಹತ್ತಿರ ಇರುತ್ತದೆ. ಮಾಮೂಲಿ ರಬ್ಬರ್ 70-80 ಡಿಗ್ರಿ ದಾಟಿದರೆ ಬಾಳುವುದಿಲ್ಲ. ಫಿಟ್ಟರ್ ಬಿಚ್ಚಿ ತೆಗೆದಾಗ ಅದು ಗಟ್ಟಿಯಾಗಿ ಸೀದ ಹಪ್ಪಳದ ಹಾಗೆ ಕೈಯಲ್ಲೇ ಲಟಕ್ಕನೆ ಮುರಿಯಿತು. ಅರ್ಧ ಫ್ಲ್ಯಾಂಜಿಗೇ ಅಂಟಿಕೊಂಡಿತ್ತು, ಅದನ್ನು ಉಳಿಯಲ್ಲಿ ಕೆರೆದು ತೆಗೆಯುವಷ್ಟರಲ್ಲಿ ಬೆಳಗಿನ ಇಡ್ಲಿ ಹೊತ್ತು ಮುಗಿದಿತ್ತು. ಹುಡುಗರಿಗೆ ಚಿತ್ರಾನ್ನ ಬಡಿಸಿದರು. ವಾರ್ಡನ್ ಬರೆದ ವರದಿಯಲ್ಲಿ ಇದಕ್ಕೆ ‘ಆಹಾರ ವೈವಿಧ್ಯ’ ಅಂತ ಹೆಸರು.

ಕೋಲ್ಡ್ ಸ್ಟೋರೇಜಿನಲ್ಲಿ ತಣ್ಣಗೆ ಮಾಡುವುದು ಅಮೋನಿಯಾ. ಅದರ ಜೊತೆ ಕಂಪ್ರೆಸರ್ ಎಣ್ಣೆಯೂ ಪೈಪಿನಲ್ಲಿ ಸುತ್ತುತ್ತದೆ. ಆ ಜೋಡಿಗೆ ನಿಯೋಪ್ರಿನ್ ರಬ್ಬರ್ ಹಾಕುವುದು ವಾಡಿಕೆ. ಕಪ್ಪು ಶೀಟು ಎಣ್ಣೆ ಕುಡಿದು ಸಡಿಲವಾಗಿ, ಕಟುವಾದ ವಾಸನೆ ಹೊರಗೆ ಬಂತು. ಅಮೋನಿಯಾ ಮೂಗಿಗೆ ಬಂದರೆ ಹುಡುಗಾಟವಲ್ಲ, ಕಣ್ಣು, ಗಂಟಲು ಉರಿಯುತ್ತದೆ, ಜಾಸ್ತಿಯಾದರೆ ಜೀವಕ್ಕೇ ಸಂಚಕಾರ. ಸದ್ಯ ಅಲ್ಲಿದ್ದ ಹಮಾಲಿಗಳಿಗೆ ಬುದ್ಧಿ ಇತ್ತು, ಬಾಗಿಲು ತೆಗೆದಿಟ್ಟು ದೂರ ಓಡಿದರು. ಅವರು ಕೊಟ್ಟ ದೂರನ್ನು ಕಚೇರಿಯವರು ‘ವಾಸನೆ’ ಅನ್ನುವ ತಲೆಬರಹ ನೋಡಿ ಚರಂಡಿ ನೋಡಿಕೊಳ್ಳುವ ಶಾಖೆಗೆ ಕಳಿಸಿದರು. ಆ ಶಾಖೆ ಬ್ಲೀಚಿಂಗ್ ಪೌಡರ್ ಮಂಜೂರು ಮಾಡಿತು.

ಕೊನೆಗೆ ಸಭೆ ಕರೆಯಲೇಬೇಕಾಯಿತು. ಬೋಂಡ, ಬೈಟು ಕಾಫಿ, ಅಜೆಂಡಾ.

‘ಕಡಿಮೆ ರೇಟಿನದು ತಗೊಂಡದ್ದೇ ತಪ್ಪು’ ಅಂತ ಒಬ್ಬರು ಸಾಹೇಬರು ತೀರ್ಪು ಕೊಟ್ಟರು. ‘ಎಲ್ಲಕ್ಕಿಂತ ದುಬಾರಿ ಯಾವುದು? ವೈಟಾನ್ ರಬ್ಬರಾ? ಎಲ್ಲಾ ಕಡೆ ಅದನ್ನೇ ಹಾಕಿ.’

ಬಾಗಿಲ ಹತ್ತಿರ ನಿಂತಿದ್ದ ಫಿಟ್ಟರ್ ಕೆಮ್ಮಿದ. ‘ಸಾರ್, ವೈಟಾನು ಡೀಸೆಲ್ಲಿಗೆ ಸೂಪರ್, 200 ಡಿಗ್ರಿ ತಡೆಯುತ್ತೆ. ಆದ್ರೆ ಅಮೋನಿಯಾಕ್ಕೆ ಹಾಕಿದ್ರೆ ಹಾಳಾಗುತ್ತೆ. ಮಾಮೂಲಿ ವೈಟಾನು ಹಬೆಗೂ ಬಾಳಲ್ಲ. ಹಬೆಗೆ ಇಪಿಡಿಎಂ ಅನ್ನೋ ರಬ್ಬರ್ ಬೇಕು.’

‘ಹಂಗಾದ್ರೆ ಎಲ್ಲಾ ಕಡೆ ಇಪಿಡಿಎಂ ಹಾಕಪ್ಪ.’

‘ಅದಕ್ಕೆ ಡೀಸೆಲ್ ತಾಗಿದ್ರೆ ಊದಿಕೊಳ್ಳುತ್ತೆ ಸಾರ್.’

‘ಟೆಫ್ಲಾನ್?’ ಅಂದರು ಇನ್ನೊಬ್ಬರು. ಅವರ ಮನೆಯಲ್ಲಿ ಟೆಫ್ಲಾನ್ ತವಾ ಇದೆ, ದೋಸೆ ಅಂಟುವುದೇ ಇಲ್ಲವಂತೆ.

‘ಅದು ಹೆಚ್ಚುಕಡಿಮೆ ಎಲ್ಲಾ ಕೆಮಿಕಲ್ಲಿಗೂ ಆಗುತ್ತೆ ಸಾರ್, 260 ಡಿಗ್ರಿವರೆಗೂ ತಡೆಯುತ್ತೆ. ಆದ್ರೆ ಬೋಲ್ಟ್ ಬಿಗಿ ಮಾಡಿಟ್ರೆ ದಿನ ಕಳೆದಂಗೆ ನಿಧಾನಕ್ಕೆ ಹರಡಿಕೊಳ್ಳುತ್ತೆ. ಬಿಗಿ ಸಡಿಲ ಆಗುತ್ತೆ. ಅದಕ್ಕೇ ಮೊದಲು ಪೈಪಲ್ಲಿ ಏನು ಹೋಗುತ್ತೆ...’

‘ಇದೇನಪ್ಪಾ, ರಾಕೆಟ್ ಬಿಡ್ತಿದ್ದೀವಾ ನಾವು?’ ಅಂತ ಸಾಹೇಬರು ನಕ್ಕರು. ಎಲ್ಲರೂ ನಕ್ಕರು. 36,000 ಕಿ.ಮೀ. ಎತ್ತರದ ಉಪಗ್ರಹಗಳನ್ನು ನೋಡಿಕೊಳ್ಳುವ ಇಸ್ರೋ ಕೇಂದ್ರ ಇದೇ ಊರಲ್ಲಿದೆ ಅನ್ನುವುದು ಆ ಹೊತ್ತಿಗೆ ಯಾರಿಗೂ ನೆನಪಾಗಲಿಲ್ಲ.

ರಾಕೆಟ್ ಮಾತು ಬಂದದ್ದಕ್ಕೆ ಹೇಳುತ್ತೇನೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ನೌಕೆ ಹಾರಿದ 73 ಸೆಕೆಂಡಿಗೆ ಚೂರಾಯಿತು. ಏಳು ಜನ ಸತ್ತರು. ಬೂಸ್ಟರ್ ರಾಕೆಟ್ಟಿನ ಜೋಡಣೆಯಲ್ಲಿದ್ದ ಓ-ರಿಂಗ್ ಅನ್ನುವ ರಬ್ಬರ್ ಬಳೆ ಆ ಬೆಳಗಿನ ಚಳಿಗೆ ಪೆಡಸಾಗಿ, ಸಂದಿ ಮುಚ್ಚದೇ ಹೋಗಿತ್ತು. ಅದು ಅಗ್ಗದ ರಬ್ಬರ್ ಆಗಿರಲಿಲ್ಲ, ಇದೇ ವೈಟಾನ್ ಜಾತಿಯದು. ಚಳಿ ಇದೆ, ಇವತ್ತು ಬೇಡ ಅಂತ ಹಿಂದಿನ ರಾತ್ರಿ ಎಂಜಿನಿಯರುಗಳು ಹೇಳಿದ್ದರು. ತನಿಖೆಯಲ್ಲಿದ್ದ ವಿಜ್ಞಾನಿ ರಿಚರ್ಡ್ ಫೈನ್‌ಮನ್ ಎಲ್ಲರೆದುರು ಆ ರಬ್ಬರಿನ ತುಂಡನ್ನು ಕ್ಲ್ಯಾಂಪಿನಲ್ಲಿ ಒತ್ತಿ ಹಿಡಿಸಿ ಐಸ್ ನೀರಿನ ಲೋಟದಲ್ಲಿ ಅದ್ದಿ ತೋರಿಸಿದರು. ಕ್ಲ್ಯಾಂಪು ಬಿಚ್ಚಿದರೂ ಅದು ಕೂಡಲೇ ಮೊದಲಿನಂತಾಗಲಿಲ್ಲ. ನಮ್ಮ ಸಭೆಯಲ್ಲೂ ಲೋಟಗಳಿದ್ದವು. ಅವುಗಳಲ್ಲಿ ಕಾಫಿ ಇತ್ತು.

ನಡಾವಳಿಯಲ್ಲಿ ‘ಫಿಟ್ಟರ್ ಅಭಿಪ್ರಾಯ ಪಡೆಯಲಾಯಿತು’ ಅಂತ ದಾಖಲಾಯಿತು.

ಅಷ್ಟರಲ್ಲಿ ಹಾಸನಾಂಬೆ ದರ್ಶನದ ದಿನಗಳು ಬಂದವು. ದೊಡ್ಡವರ ಕಾರುಗಳು ಓಡಾಡುವ ರಸ್ತೆಯ ಪಕ್ಕವೇ ಒಂದು ಫ್ಲ್ಯಾಂಜು ಸೋರುತ್ತಿತ್ತು. ಸಂಜೆಯೊಳಗೆ ನಿಲ್ಲಬೇಕು ಅಂತ ಫೋನ್ ಬಂತು. ಗುತ್ತಿಗೆದಾರನ ಹುಡುಗ ಸ್ಪ್ಯಾನರಿಗೆ ಉದ್ದನೆ ಪೈಪ್ ತುರುಕಿ, ಸೋರುವ ಕಡೆಯ ಬೋಲ್ಟನ್ನೇ ಜೋತಾಡಿ ಬಿಗಿ ಮಾಡಿದ. ಆ ಕಡೆ ನಿಂತಿತು. ಎದುರು ಕಡೆ ಬಾಯಿ ಬಿಟ್ಟು ಕಾರಂಜಿಯಾಯಿತು. ಬೋಲ್ಟುಗಳನ್ನು ಒಂದರ ಎದುರಿಗೊಂದರಂತೆ, ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು ಅನ್ನುವುದು ಫಿಟ್ಟರಿಗೆ ಗೊತ್ತಿತ್ತು. ಅವನು ಪ್ರೋಟೋಕಾಲ್ ಡ್ಯೂಟಿಯಲ್ಲಿ ಬ್ಯಾರಿಕೇಡ್ ಹೊರುತ್ತಿದ್ದ.

ರಾತ್ರಿ ಅವನೇ ಬಂದ. ಟ್ರಾಕ್ಟರ್ ಟ್ಯೂಬಿನ ತುಂಡನ್ನು ಫ್ಲ್ಯಾಂಜಿನ ಮೇಲಿಟ್ಟು, ಸುತ್ತಿಗೆಯ ಗುಂಡು ಮೂತಿಯಲ್ಲಿ ಅಂಚಿಗೂ ತೂತಿಗೂ ಟಕಟಕ ಬಡಿದು ಅಚ್ಚು ಮೂಡಿಸಿ, ಕತ್ತರಿಸಿ ಕೂರಿಸಿದ. ತಣ್ಣೀರಿನ ಲೈನು, ಅಲ್ಲಿಗೆ ಟ್ಯೂಬ್ ಸಾಕು. ಸೋರಿಕೆ ನಿಂತಿತು. ಟ್ಯೂಬಿನ ಖರ್ಚಿಗೆ ದರಪಟ್ಟಿಯಲ್ಲಿ ಜಾಗವಿಲ್ಲದ್ದರಿಂದ ಅದನ್ನು ಹೂವಿನ ಹಾರದ ಲೆಕ್ಕಕ್ಕೆ ಸೇರಿಸಿದರು.

ಮುಂದಿನ ಸಭೆಯಲ್ಲಿ ಬಾಯ್ಲರಿನ ಮುಖ್ಯ ಲೈನಿಗೆ ಸ್ಪೈರಲ್ ವೂಂಡ್ ಗ್ಯಾಸ್ಕೆಟ್ ಬೇಕು ಅಂತ ಯಾರೋ ಬುದ್ಧಿವಂತರು ಎತ್ತಿದರು. ಸ್ಟೀಲ್ ಪಟ್ಟಿ, ಗ್ರಾಫೈಟ್ ಸೇರಿಸಿ ಸುರುಳಿ ಸುತ್ತಿದ್ದು. ಅದರ ಅಂಚಿನ ಬಣ್ಣ ನೋಡಿಯೇ ಲೋಹ ಹೇಳಬಹುದು: ಹಳದಿ ಇದ್ದರೆ 304 ಸ್ಟೀಲು, ಹಸಿರಿದ್ದರೆ 316. ಬೂದು ಗೆರೆ ಇದ್ದರೆ ಒಳಗೆ ಗ್ರಾಫೈಟು, ಬಿಳಿ ಗೆರೆ ಇದ್ದರೆ ಟೆಫ್ಲಾನು.

ಸಭೆಗೆ ಜೀವ ಬಂದದ್ದೇ ಇಲ್ಲಿ. ಹಬೆ, ಅಮೋನಿಯಾ, ಪ್ರೆಶರ್ ಅಂದಾಗ ಮೊಬೈಲ್ ನೋಡುತ್ತಿದ್ದವರು ಬಣ್ಣ ಅಂದ ಕೂಡಲೇ ತಲೆ ಎತ್ತಿದರು. ಹಸಿರು ಬೇಡ, ಯಾವುದೋ ಪಕ್ಷದ್ದು ಅನ್ನುತ್ತಾರೆ ಅಂತ ಒಬ್ಬರು. ಬೂದು ಅಪಶಕುನ ಅಂತ ಇನ್ನೊಬ್ಬರು. ಮುಕ್ಕಾಲು ಗಂಟೆ ಬಿಸಿ ಬಿಸಿ ಚರ್ಚೆ. ರಾಜ್ಯೋತ್ಸವ ಹತ್ತಿರ ಬಂತಲ್ಲ ಅಂತ ಯಾರೋ ನೆನಪಿಸಿದರು. ತೀರ್ಮಾನ ಸರ್ವಾನುಮತದಿಂದ ಆಯಿತು.

ತಿದ್ದೋಲೆ ಹೊರಟಿದೆ. ‘ಕಪ್ಪು’ ಅನ್ನುವ ಕಡೆ ‘ಅರಿಶಿನ ಮತ್ತು ಕುಂಕುಮ ಬಣ್ಣ’ ಅಂತ ಓದಿಕೊಳ್ಳತಕ್ಕದ್ದು. ಉಳಿದಂತೆ ಬದಲಾವಣೆ ಇಲ್ಲ. ಅಫಿಡವಿಟ್ ಮಾತ್ರ ಹೊಸದಾಗಿ ಮಾಡಿಸಬೇಕು. ಸ್ಯಾಂಪಲ್ಲನ್ನು ನವೆಂಬರ್ 1ರ ಸಂಜೆ ಐದರೊಳಗೆ ಖುದ್ದಾಗಿ ಕಚೇರಿಗೆ ತಂದು ಒಪ್ಪಿಸಬೇಕು. ಅಂದು ಕಚೇರಿಗೆ ರಜೆ.