ಅರ್ಧ ಮುಖದ ಪರಿಚಯ

2022ರ ಏಪ್ರಿಲ್ 1, ಯುಗಾದಿಯ ಹಿಂದಿನ ದಿನ. ಹೋಳಿಗೆಗೆ ಬೇಕಾದ ಕಡಲೆಬೇಳೆ, ಬೆಲ್ಲ, ಏಲಕ್ಕಿ ತರಲು ಮನೆ ಹತ್ತಿರದ ಶೆಟ್ಟರ ಅಂಗಡಿಗೆ ಹೋದೆ. ಮಾಸ್ಕ್ ಹಾಕಿರಲಿಲ್ಲ. ಎರಡು ವರ್ಷದಿಂದ ಜಾರಿಯಲ್ಲಿದ್ದ ಕೇಂದ್ರದ ಕೊರೋನಾ ಆದೇಶಗಳು ಹಿಂದಿನ ರಾತ್ರಿಗೆ ಮುಗಿದಿದ್ದವು. ಮಾಸ್ಕ್ ಮಾತ್ರ ಬಿಡಬೇಡಿ ಎಂದು ಅದನ್ನು ತಿಳಿಸಿದ ಕೇಂದ್ರದ ಪತ್ರದಲ್ಲೇ ಇತ್ತು, ಆದರೆ ನಾವು ಮೊದಲ ಸಾಲು ಓದಿ ಖುಷಿಪಟ್ಟು ಪೇಪರ್ ಮಡಚಿಡುವ ಜನ.

ಶೆಟ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಏರಿಯಾಗೆ ಹೊಸಬ್ರಾ ಸಾರ್?’ ಎಂದರು.

ಹಬ್ಬದ ಮೂಡಿನಲ್ಲಿ ತಮಾಷೆ ಮಾಡ್ತಿದ್ದಾರೆ ಅಂದುಕೊಂಡು ನಾನೂ ‘ಹೂಂ, ಹೊಚ್ಚ ಹೊಸಬ’ ಎಂದೆ. ‘ಮನೆ ಎಲ್ಲಿ?’ ಎಂದರು. ‘ಅದೇ, ಗಣಪತಿ ಗುಡಿ ಹಿಂದಿನ ರಸ್ತೆ’ ಎಂದೆ. ‘ಬರ್ಕೊಳ್ಳಿ ಶೆಟ್ರೆ’ ಎಂದಾಗ ಸ್ವಲ್ಪ ಹಿಂದುಮುಂದು ನೋಡಿ, ಆಮೇಲೆ ಲೆಕ್ಕದ ಪುಸ್ತಕದಲ್ಲಿ ಹೊಸ ಹಾಳೆ ತೆರೆದು ಬರೆದುಕೊಂಡರು. ಹೊಸ ವರ್ಷ, ಹೊಸ ಹಾಳೆ, ಒಳ್ಳೆ ಪದ್ಧತಿ ಅಂದುಕೊಂಡು ಬಂದೆ. ಇದರ ಫಲ ತಿಂಗಳ ಕೊನೆಗೆ ಗೊತ್ತಾಯಿತು, ಅದನ್ನು ಆಮೇಲೆ ಹೇಳುತ್ತೇನೆ.

ನಾವು ಈ ಮನೆಗೆ ಬಂದದ್ದು 2020ರ ಆಗಸ್ಟ್‌ನಲ್ಲಿ. ಹಾಗಾಗಿ ಈ ಬೀದಿಯಲ್ಲಿ ಎಲ್ಲರದೂ ಅರ್ಧ ಮುಖದ ಪರಿಚಯ. ಕಣ್ಣು, ಹಣೆ, ಕೂದಲಿದ್ದವರಿಗೆ ಕೂದಲು, ಅಷ್ಟೇ. ಉಳಿದ ಅರ್ಧವನ್ನು ನಾವೇ ಮನಸ್ಸಿನಲ್ಲಿ ಬರೆದುಕೊಂಡಿದ್ದೆವು. ಎದುರು ಮನೆಯವರಿಗೆ ನಾನು ದಪ್ಪ ಮೀಸೆ ಕೊಟ್ಟಿದ್ದೆ. ಮಾಸ್ಕ್ ತೆಗೆದರೆ ಮೀಸೆಯೂ ಇಲ್ಲ, ಅದನ್ನು ಇಟ್ಟುಕೊಳ್ಳಲು ಜಾಗವೂ ಇಲ್ಲ. ಚಿಕ್ಕಂದಿನಲ್ಲಿ ರೇಡಿಯೋದ ವಾರ್ತೆಯಲ್ಲಿ ಗಡಸು ದನಿ ಕೇಳಿ ಆರಡಿ ಆಳು ಅಂದುಕೊಂಡು, ಆಮೇಲೆ ಪೇಪರಿನಲ್ಲಿ ಫೋಟೋ ನೋಡಿದಾಗ ಆಗ್ತಿತ್ತಲ್ಲ, ಹಾಗಾಯಿತು. ಅವರಿಗೂ ನನ್ನ ವಿಷಯದಲ್ಲಿ ಅದೇ ಆಗಿರಬೇಕು. ಒಂದು ವಾರ ನನ್ನ ಗದ್ದ ನೋಡಿಯೇ ಮಾತಾಡುತ್ತಿದ್ದರು.

ಮಹಾರಾಷ್ಟ್ರದಲ್ಲಿ ಗುಡಿಪಾಡ್ವದಿಂದ ಮಾಸ್ಕ್ ನಿಮ್ಮಿಷ್ಟ ಎಂದು ಹೇಳಿಬಿಟ್ಟರು. ನಮ್ಮಲ್ಲಿ ಏಪ್ರಿಲ್ ಕೊನೆಗೆ ಮತ್ತೆ ಕಡ್ಡಾಯ ಎಂದರು, ಆದರೆ ದಂಡ ಸದ್ಯಕ್ಕಿಲ್ಲ ಎಂದರು. ದಂಡವಿಲ್ಲದ ಕಡ್ಡಾಯ ಹೇಗಿರುತ್ತೆ ಅಂತ ತಿಳಿಯಬೇಕಾದರೆ ‘ಇಲ್ಲಿ ಮೂತ್ರ ಮಾಡಬಾರದು’ ಎಂದು ಬರೆದ ಯಾವುದಾದರೂ ಗೋಡೆ ಹತ್ತಿರ ಹೋಗಿ ನಿಂತು ನೋಡಿ. ತುಂಬಾ ಹತ್ತಿರ ಬೇಡ.

ದಂಡ ಇದ್ದ ಕಾಲದಲ್ಲಿ ನಾನೂ ಕಟ್ಟಿದವನೇ. 2020ರ ಅಕ್ಟೋಬರ್‌ನಲ್ಲಿ ನಗರಗಳಲ್ಲಿ ಅದನ್ನು ಒಂದು ಸಾವಿರ ಮಾಡಿದ್ದರು, ಜನ ಗಲಾಟೆ ಮಾಡಿದ ಮೇಲೆ 250ಕ್ಕೆ ಇಳಿಸಿದರು. ಅದೇ ವಾರ ನಾನು ದರ್ಶಿನಿಯೊಂದರ ಮುಂದೆ ಮಾಸ್ಕನ್ನು ಗದ್ದಕ್ಕೆ ಇಳಿಸಿ ಕಾಫಿ ಲೋಟ ಹಿಡಿದು ನಿಂತಿದ್ದೆ. ದಂಡ ಹಾಕುವ ಮಾರ್ಷಲ್ ಬಂದರು. ‘ಕಾಫಿ ಕುಡೀತಿದೀನಿ’ ಎಂದೆ. ಅವರು ನನ್ನ ಕಡೆ ನೋಡಲಿಲ್ಲ. ಬಗ್ಗಿ ಲೋಟದೊಳಗೆ ನೋಡಿದರು. ತಳದಲ್ಲಿ ಕರಗದ ಸಕ್ಕರೆ ನಾಲ್ಕು ಕಾಳು. ‘ಕುಡಿದಾಯ್ತಲ್ಲ ಸಾರ್?’ ಎಂದರು. ಕಾಫಿಯ ಕೊನೆಯ ಗುಟುಕಿಗೂ ಮಾಸ್ಕ್ ಏರಿಸುವುದಕ್ಕೂ ನಡುವೆ ಎಷ್ಟು ಹೊತ್ತು ಅವಕಾಶ ಅಂತ ಯಾವ ಆದೇಶದಲ್ಲೂ ಬರೆದಿರಲಿಲ್ಲ. 250 ಕೊಟ್ಟು ರಸೀದಿ ತೆಗೆದುಕೊಂಡೆ. ಈಗಲೂ ಕಾಫಿ ಕುಡಿಯುವಾಗ ಕೊನೆಯ ಗುಟುಕನ್ನು ಲೋಟದಲ್ಲೇ ಬಿಟ್ಟಿರುತ್ತೇನೆ, ಹೆಂಡತಿ ಬೈಯುತ್ತಾಳೆ.

ಇಷ್ಟೆಲ್ಲ ಅನುಭವಿಸಿದವನು ನಿಯಮ ಸಡಿಲವಾದ ದಿನವೇ ಮಾಸ್ಕನ್ನು ಒಲೆಗೆ ಹಾಕಬೇಕಿತ್ತು. ಹಾಕಲಿಲ್ಲ. ಹಬ್ಬದ ಖುಷಿ ಇಳಿಯುತ್ತಿದ್ದ ಹಾಗೆ ಆಫೀಸಿಗೆ ಹೋಗುವಾಗ ಮತ್ತೆ ಏರಿಸಿದೆ. ರೋಗದ ಭಯ ಕಾರಣವಲ್ಲ. ಕಾರಣ ಗೊಣಗಾಟ.

ಆಫೀಸಿನಲ್ಲಿ ಮಾಸ್ಕ್ ಹಾಕಿ ಕೂತ ಆ ದಿನಗಳಲ್ಲಿ, ಮೀಟಿಂಗಿನಲ್ಲಿ ಸಾಹೇಬರು ಏನಾದರೂ ಹೇಳಿದರೆ ನಾನು ಒಳಗೊಳಗೇ ಉತ್ತರ ಕೊಡುವುದನ್ನು ಕಲಿತಿದ್ದೆ. ದನಿ ಹೊರಡುತ್ತಿರಲಿಲ್ಲ, ಆದರೆ ತುಟಿ ಪೂರ್ತಿ ಆಡುತ್ತಿತ್ತು. ‘ಈ ತಿಂಗಳು ಎಲ್ಲರೂ ಸ್ವಲ್ಪ ಜಾಸ್ತಿ ಕೆಲಸ ಮಾಡಬೇಕು’ ಅಂದರೆ, ‘ನೀನು ಮಾಡು ನೋಡೋಣ’ ಅಂತ ನನ್ನ ಮಾಸ್ಕಿನೊಳಗೆ. ಆಕಳಿಕೆಯೂ ಅಲ್ಲೇ, ನಗುವೂ ಅಲ್ಲೇ. ಇಂಥ ನೆಮ್ಮದಿಯ ನೌಕರಿ ನನ್ನ ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಇರಲಿಲ್ಲ. ಮಾಸ್ಕ್ ಇಲ್ಲದ ಮೊದಲ ಮೀಟಿಂಗಿನಲ್ಲಿ ಅಭ್ಯಾಸಬಲದಿಂದ ತುಟಿ ಆಡಿಯೇ ಬಿಟ್ಟಿತು. ಸಾಹೇಬರು ಮಾತು ನಿಲ್ಲಿಸಿ, ‘ಏನಾದ್ರೂ ಹೇಳೋದಿತ್ತಾ?’ ಎಂದರು. ‘ಇಲ್ಲ ಸಾರ್, ವಿಷ್ಣು ಸಹಸ್ರನಾಮ’ ಎಂದೆ. ಅವರೂ ದೈವಭಕ್ತರು, ಪಾಪ, ಮೆಚ್ಚಿ ತಲೆಯಾಡಿಸಿದರು. ಮಾರನೇ ದಿನ ಮಾಸ್ಕ್ ಹಾಕಿಕೊಂಡು ಹೋದೆ. ಕೇಳಿದವರಿಗೆ ಧೂಳಿನ ಅಲರ್ಜಿ ಎಂದೆ. ಬೆಂಗಳೂರಿನಲ್ಲಿ ಧೂಳಿನ ಅಲರ್ಜಿ ಅಂದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ, ಮೆಟ್ರೋ ಕಾಮಗಾರಿಯ ರಸ್ತೆಯಲ್ಲಿ ಓಡಾಡುವವರಾದರೆ ಅನುಕಂಪವೂ ಸಿಗುತ್ತೆ.

ಸುತ್ತ ನೋಡಿದರೆ ನನ್ನ ಹಾಗೆ ಒಳಕಾರಣ ಇಟ್ಟುಕೊಂಡವರೇ ಜಾಸ್ತಿ. ಪಕ್ಕದ ಟೇಬಲ್ಲಿನ ಹುಡುಗನಿಗೆ ದಿನಾ ಶೇವ್ ಮಾಡುವ ಸೋಮಾರಿತನ. ನನ್ನ ಹೆಂಡತಿಗೆ ಸೀರೆಗೆ ಮ್ಯಾಚ್ ಆಗುವ, ಜರಿ ಅಂಚಿನ ಆರು ಮಾಸ್ಕ್ ಹೊಲಿಸಿದ ದುಡ್ಡು ವಸೂಲಾಗಬೇಕು. ಆದರೆ ಮೇಲಿನ ಮನೆಯ ರಾಯರು ಇವತ್ತಿಗೂ ಹಾಲು ತರಲು ಮಾಸ್ಕ್ ಹಾಕಿಯೇ ಇಳಿಯುತ್ತಾರೆ. 2021ರ ಮೇ ತಿಂಗಳಲ್ಲಿ ಅವರ ಹೆಂಡತಿ ಆಸ್ಪತ್ರೆಗೆ ಹೋದವರು ವಾಪಸ್ ಬರಲಿಲ್ಲ. ಅವರ ಮಾಸ್ಕಿನ ಬಗ್ಗೆ ನಮ್ಮ ಬೀದಿಯಲ್ಲಿ ಯಾರೂ ಮಾತಾಡುವುದಿಲ್ಲ.

ನನ್ನದು ಮಾತ್ರ ಮಾತಾಡುವಂಥದ್ದೇ. 2022ರ ಮೇ ತಿಂಗಳಲ್ಲಿ ಸೋದರತ್ತೆಯ ಮೊಮ್ಮಗಳ ಮದುವೆ. ಛತ್ರದಲ್ಲಿ ಮುನ್ನೂರು ಜನ, ಮಾಸ್ಕ್ ಹಾಕಿದವರು ಬೆರಳೆಣಿಕೆಯಷ್ಟು. ನಾನು ಬಿಳಿ ಎನ್95 ಹಾಕಿದ್ದೆ. ‘ಮಗಳಿಗೆ ಎಲ್ಲಾದ್ರೂ ನೋಡ್ತಿದೀರಾ?’ ಎಂದು ಕೇಳುವ ದೊಡ್ಡಪ್ಪ ಒಬ್ಬರಿದ್ದಾರೆ, ಅವರಿಂದ ತಪ್ಪಿಸಿಕೊಳ್ಳುವುದು ಉದ್ದೇಶ. ಅವರು ಮೂವತ್ತಡಿ ದೂರದಿಂದಲೇ ನನ್ನ ಹೊಟ್ಟೆ ನೋಡಿ ಗುರುತು ಹಿಡಿದರು. ಎನ್95 ಹೊಟ್ಟೆಗೆ ಬರುವುದಿಲ್ಲ.

ಊಟವಾಯಿತು. ಎರಡು ಹೋಳಿಗೆ ಮೇಲೆ ತುಪ್ಪ, ಆಮೇಲೆ ಎಲೆ ಅಡಿಕೆ. ಸುಣ್ಣ ಸ್ವಲ್ಪ ಮುಂದಾಗಿ ಹಚ್ಚಿದ್ದರಿಂದ ಬಾಯಿ ಚೆನ್ನಾಗಿ ಕೆಂಪಾಯಿತು. ಬಾಯಿತುಂಬ ರಸ ಇಟ್ಟುಕೊಂಡು ಮಾಸ್ಕ್ ಏರಿಸಿದೆ, ಏಕೆಂದರೆ ದೊಡ್ಡಪ್ಪ ಮತ್ತೆ ಬರುತ್ತಿದ್ದರು. ಮಾತಾಡುವಂತಿಲ್ಲ, ಬರೀ ತಲೆಯಾಡಿಸಿದೆ. ಅವರು ಹುಡುಗನ ಜಾತಕ, ಅವನ ಅಪ್ಪನ ಸೈಟು, ಅಮೆರಿಕದ ವೀಸಾ ಎಲ್ಲ ಹೇಳಿ ಮುಗಿಸುವ ಹೊತ್ತಿಗೆ ರಸ ಗಂಟಲವರೆಗೆ ಬಂದಿತ್ತು. ಹಿಂದಿನ ಕೈತೊಳೆಯುವ ಜಾಗಕ್ಕೆ ಓಡಿ, ಬಗ್ಗಿ, ಒಳ್ಳೇ ರಭಸದಿಂದ ಉಗಿದೆ.

ಮಾಸ್ಕ್ ತೆಗೆಯುವುದು ಮರೆತಿತ್ತು.

ಎನ್95 ಅಂದರೆ ಗಾಳಿಯಲ್ಲಿರುವ ಅತಿ ಸಣ್ಣ ಕಣಗಳನ್ನೂ ನೂರಕ್ಕೆ ತೊಂಬತ್ತೈದರಷ್ಟು ತಡೆಯುತ್ತೆ ಎನ್ನುವುದು ಸರಿ, ಆದರೆ ಅದು ಒಳಗಿನಿಂದ ಹೊರಗೂ ಅಷ್ಟೇ ಶ್ರದ್ಧೆಯಿಂದ ತಡೆಯುತ್ತೆ ಎನ್ನುವುದು ನನಗೆ ಅವತ್ತು ತಿಳಿಯಿತು. ಒಂದು ಹನಿ ಆಚೆ ಹೋಗಲಿಲ್ಲ. ಎಲ್ಲ ಮೂಗಿನ ಕಡೆ ವಾಪಸ್ ಬಂತು. ಗದ್ದದಿಂದ ಇಳಿದು ಬಿಳಿ ಶರ್ಟಿನ ಮೇಲೆ ಬಂತು. ನಾನು ತಿರುಗಿದ ಕೂಡಲೇ ಕೈತೊಳೆಯಲು ನಿಂತಿದ್ದ ಹೆಂಗಸೊಬ್ಬರು ‘ಅಯ್ಯೋ, ರಕ್ತ ಕಾರ್ಕೊಂಡ್ರು!’ ಎಂದು ಕಿರುಚಿದರು. ಯಾರೋ ಕುರ್ಚಿ ತಂದರು, ಯಾರೋ ಸೋಡಾ ತಂದರು. ನನಗೆ ಬಾಯಿ ಬಿಡಲು ಆಗುತ್ತಿಲ್ಲ, ಇನ್ನೂ ಅರ್ಧ ರಸ ಒಳಗೇ ಇದೆ. ವಾಲಗದವರು ಮಾತ್ರ ನಿಲ್ಲಿಸಲಿಲ್ಲ. ಕೊನೆಗೆ ನನ್ನ ಹೆಂಡತಿ ಬಂದು, ಹತ್ತಿರ ಮೂಸಿ, ‘ಎಲೆ ಅಡಿಕೆ’ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ವಾಪಸ್ ಊಟದ ಹಾಲಿಗೆ ಹೋದಳು. ಅವಳ ಪಂಕ್ತಿಗೆ ಆಗಷ್ಟೇ ಎಲೆ ಹಾಕಿದ್ದರು. ಆ ಮದುವೆಯ ವಿಡಿಯೋದಲ್ಲಿ ಇದು ಇದೆ. ಮಾಂಗಲ್ಯಧಾರಣೆಗಿಂತ ಸ್ಪಷ್ಟವಾಗಿ ಬಂದಿದೆ.

ಅಲ್ಲಿಂದ ಮುಂದೆ ನನ್ನ ಮಾಸ್ಕ್ ಮನೆಯಿಂದ ಹೊರಗೆ ಹೋಗಿದ್ದು ಕಡಿಮೆ. 2022ರ ಡಿಸೆಂಬರ್ ಕೊನೆಗೆ ಸಿನಿಮಾ ಮಂದಿರ, ಶಾಲೆ ಕಾಲೇಜುಗಳಲ್ಲಿ ಮತ್ತೆ ಮಾಸ್ಕ್ ಎಂದಾಗ ಹುಡುಕಿದರೆ, ಒಂದು ಮಾಸ್ಕಿನ ದಾರ ಮಾತ್ರ ಟೊಮೆಟೊ ಗಿಡಕ್ಕೆ ಕೋಲು ಕಟ್ಟಿದ ಜಾಗದಲ್ಲಿ ಸಿಕ್ಕಿತು. ಉಳಿದ ಎನ್95ಗಳು ಅಡುಗೆಮನೆಯಲ್ಲಿದ್ದವು. ಹುಳಿಪುಡಿಗೆ ಬ್ಯಾಡಗಿ, ಗುಂಟೂರು ಮೆಣಸಿನಕಾಯಿ ಹುರಿಯುವ ದಿನ ಹೆಂಡತಿ ಅದನ್ನು ಹಾಕಿಕೊಂಡು ಒಲೆ ಮುಂದೆ ನಿಲ್ಲುತ್ತಾಳೆ. ನಾನು, ಮಗಳು, ರಾಯರು, ಎದುರು ಮನೆಯವರು ಎಲ್ಲ ಘಾಟಿಗೆ ಕೆಮ್ಮುತ್ತಾ ಬೀದಿಗೆ ಬಂದಿರುತ್ತೇವೆ. ಅವಳು ಕಿಟಕಿಯಿಂದ ಶಾಂತವಾಗಿ ನೋಡುತ್ತಿರುತ್ತಾಳೆ.

ಶೆಟ್ಟರ ವಿಷಯ ಬಾಕಿ ಇದೆ ಅಲ್ವಾ. ಏಪ್ರಿಲ್ 30ಕ್ಕೆ, ಆಫೀಸಿನಿಂದ ಬರುವಾಗ ಮಾಸ್ಕಿನಲ್ಲೇ ಅಂಗಡಿಗೆ ಹೋಗಿ ‘ಲೆಕ್ಕ ನೋಡಿ ಶೆಟ್ರೆ’ ಎಂದೆ. ಅವರು ನಗುನಗುತ್ತಾ ಹಳೇ ಹಾಳೆ ತೆಗೆದು 310 ಎಂದರು. ಹಬ್ಬದ ತಿಂಗಳಲ್ಲಿ ಇಷ್ಟು ಕಡಿಮೆಯಾ ಅಂತ ಆಶ್ಚರ್ಯವಾಯಿತು, ಆದರೆ ಬಾಯಿ ಬಿಡಲಿಲ್ಲ, ಬೇಗ ಕೊಟ್ಟೆ. ಚಿಲ್ಲರೆ ಎಣಿಸುತ್ತಾ ಶೆಟ್ಟರು ದನಿ ತಗ್ಗಿಸಿದರು.

‘ಸಾರ್, ನಿಮ್ ರಸ್ತೇಲೇ ಒಬ್ರು ಹೊಸದಾಗಿ ಬಂದಿದಾರೆ. ನರೆ ಮೀಸೆ, ಸ್ವಲ್ಪ ಹೊಟ್ಟೆ. ಯುಗಾದಿಗೆ ತಗೊಂಡೋಗಿದ್ದು, ಆಮೇಲೂ ಮೂರ್ನಾಲ್ಕು ಭಾನುವಾರ ಬಂದು ಬರ್ಕೊಳ್ಳಿ ಬರ್ಕೊಳ್ಳಿ ಅಂತಾರೆ. 1,240 ಆಗಿದೆ. ಹೆಸ್ರು ಕೇಳಿದ್ರೆ ನಗ್ತಾರೆ. ಕಂಡ್ರೆ ನೀವು ಸ್ವಲ್ಪ ಹೇಳಿ ಸಾರ್, ನೀವು ಹೇಳಿದ್ರೆ ಕೇಳ್ತಾರೆ.’

ಮಾಸ್ಕ್ ತೆಗೆಯಲು ಕಿವಿಯವರೆಗೆ ಹೋದ ಕೈ ಯಾಕೋ ಅಲ್ಲೇ ನಿಂತಿತು. ‘ಹೇಳ್ತೀನಿ ಶೆಟ್ರೆ’ ಎಂದೆ.

ಮಾರನೇ ದಿನ ಭಾನುವಾರ, ಬರೀ ಮುಖದಲ್ಲಿ ಹೋಗಿ 1,240 ಎಣಿಸಿ ಕೊಟ್ಟೆ. ಶೆಟ್ಟರು ಎರಡು ಸಲ ಎಣಿಸಿ, ಹಾಳೆಗೆ ಅಡ್ಡಗೆರೆ ಎಳೆದು, ‘ಮಾಸ್ಕ್ ಸಾರ್ ಹೇಳಿದ್ರಾ?’ ಎಂದರು.

‘ಹೂಂ, ಹೇಳಿದ್ರು.’

‘ತುಂಬಾ ಒಳ್ಳೆಯೋರು ಅವ್ರು. ಅವ್ರ ಸಹವಾಸ ಬಿಡ್ಬೇಡಿ.’