ಗುಂಡಿ ಒತ್ತಿ ಗುಂಡಿಗೆ ಬಿದ್ದೆ

ನಮ್ಮ ಹಳೇ ಫ್ರಿಜ್ಜಿಗೆ ಇದ್ದದ್ದು ಒಂದೇ ನಾಬ್. 1ರಿಂದ 7ರವರೆಗೆ ಅಂಕಿ. ತಂದ ದಿನ ಯಾರೋ 3ಕ್ಕೆ ತಿರುಗಿಸಿದ್ದರು. 18 ವರ್ಷ ಅದು 3ರಲ್ಲೇ ಇತ್ತು. ಬೇಸಿಗೆಗೂ 3, ಚಳಿಗೂ 3. ಮೇಲಿನ ಗೂಡಿನಲ್ಲಿ ಐಸು ಬೆಳೆದು ಬಾಗಿಲು ಮುಚ್ಚದ ಹಾಗಾದರೆ ಡಿಫ್ರಾಸ್ಟ್ ಒತ್ತಿ, ಕೆಳಗೆ ಹಳೇ ಪಂಚೆ ಹಾಸುತ್ತಿದ್ದೆವು. ಅಲ್ಲಿಗೆ ನಮ್ಮ ತಾಂತ್ರಿಕ ಜ್ಞಾನ ಮುಗಿಯಿತು.

ಹೊಸದು ಹಾಗಲ್ಲ. ಬಾಗಿಲ ಮೇಲೇ ಗಾಜಿನ ಪಟ್ಟಿ, ಬೆರಳು ತಾಗಿಸಿದರೆ ಟಿಣ್ ಅನ್ನುತ್ತದೆ. ತಂದಿಟ್ಟ ಹುಡುಗ 4 ನಿಮಿಷದಲ್ಲಿ ಪಾಠ ಮುಗಿಸಿದ. "ಸರ್, ಇದು ಸೂಪರ್ ಕೂಲ್, ಇದು ಸೂಪರ್ ಫ್ರೀಜ್. ಬೇಕಾದಾಗ ಒತ್ತಿ, ಆಮೇಲೆ ಅದೇ ಆಫ್ ಆಗತ್ತೆ." ನಾನು ಗಂಭೀರವಾಗಿ ತಲೆಯಾಡಿಸಿದೆ. ನನಗೆ ಅರ್ಥವಾದದ್ದು 'ಸೂಪರ್' ಅನ್ನೋದು ಮಾತ್ರ. ಅವನು ಕೊಟ್ಟ ಪುಸ್ತಕವನ್ನು ಮಿಕ್ಸಿಯ ವಾರಂಟಿ ಕಾರ್ಡು, ಗ್ಯಾಸಿನ ರಸೀದಿಗಳಿರುವ ಡ್ರಾಯರ್‌ಗೆ ಜೋಪಾನವಾಗಿ ಸೇರಿಸಿದೆ. ಆ ಡ್ರಾಯರ್‌ಗೆ ಹೋದ ಪುಸ್ತಕವನ್ನು ನಮ್ಮ ಮನೆಯಲ್ಲಿ ಯಾರೂ ಓದಿದ ದಾಖಲೆ ಇಲ್ಲ.

ಫ್ರಿಜ್ಜನ್ನು 'ತಂಗಳು ಪೆಟ್ಟಿಗೆ' ಅಂತ ಕರೆಯುವ ಅಮ್ಮ ಮಾತ್ರ ಒಂದು ಸುತ್ತು ನೋಡಿ, "ತಂಗಳಿಗೆ ಇಷ್ಟೊಂದು ಲೈಟು ಯಾಕೋ?" ಅಂದರು.

ಜನವರಿ ಬಂತು. ಪುಣೆಯಲ್ಲಿರುವ ಮಗಳ ಫೋನೂ ಬಂತು. "ಯುಗಾದಿಗೆ ಇಬ್ಬರೂ ಬರ್ತೀವಿ. ಹಿತಕಿದ ಬೇಳೆ ಸಾರು ಮಾಡ್ಬೇಕು ಅಷ್ಟೇ." ಯುಗಾದಿ ಹೊತ್ತಿಗೆ ಸೊಗಡಿನ ಅವರೆಕಾಯಿ ಎಲ್ಲಿಂದ ತರೋದು? ಚಳಿ ಇಳಿಯುತ್ತಿದ್ದ ಹಾಗೆ ಅದರ ಕಥೆ ಮುಗೀತು. ಈಗಲೇ ಹಿತಕಿ ಫ್ರೀಜರಿನಲ್ಲಿ ಇಡುವುದು ಎಂದು ತೀರ್ಮಾನವಾಯಿತು. ಮಾಗಡಿ ಕಡೆಯದು ಅಂತ ಹೇಳಿದ ಗಾಡಿಯವನ ಹತ್ತಿರ 10 ಕೆಜಿ ತಂದೆ.

ಹಿತಕುವುದು ಹೊರಗಿನಿಂದ ನೋಡಿದರೆ ಸುಲಭ. ರಾತ್ರಿ ನೆನೆಹಾಕಿದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಬೀಳಬೇಕು. ಅಮ್ಮನದ್ದು ಪಾತ್ರೆಗೇ ಬೀಳುತ್ತದೆ. ನನ್ನದು ಒಮ್ಮೆ ಟಿವಿಗೆ, ಒಮ್ಮೆ ಹೆಂಡತಿಯ ಕನ್ನಡಕಕ್ಕೆ. ಸಂಜೆ ಹೊತ್ತಿಗೆ ಬೆರಳ ತುದಿ ಸುಕ್ಕಾಗಿ, ಮೊಬೈಲ್ ನನ್ನ ಹೆಬ್ಬೆಟ್ಟನ್ನು ಗುರುತಿಸಲು ಒಪ್ಪಲಿಲ್ಲ. ಮನೆಯೆಲ್ಲಾ ಸೊಗಡಿನ ವಾಸನೆ. ಅದೊಂದು ಸುಖವೇ ಬಿಡಿ.

ಬೇಳೆಯನ್ನೆಲ್ಲ ಎರಡು ದೊಡ್ಡ ಕವರಿಗೆ ತುಂಬಿ ಫ್ರೀಜರಿಗೆ ಇಟ್ಟಾಯಿತು. ಹೆಂಡತಿ ಕೈ ತೊಳೆಯುತ್ತಾ, "ರೀ, ಅದೇನೋ ಸೂಪರ್ರು ಇದೆಯಲ್ಲ, ಒತ್ತಿಬಿಡಿ" ಅಂದಳು. ಒತ್ತಿದೆ. ಟಿಣ್ ಅಂತು. ಕನ್ನಡಕ ಹಾಕಿರಲಿಲ್ಲ ಅನ್ನೋದನ್ನ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಹೇಗೂ ಗೊತ್ತಾಗುತ್ತೆ.

ಬೆಳಗ್ಗೆ ಹೆಂಡತಿ ಮೊಸರಿನ ಪಾತ್ರೆಗೆ ಸೌಟು ಹಾಕಿದಳು. ಠಣ್ ಅಂತ ಸದ್ದಾಯಿತು. ಹಿಂದುಗಡೆ ಇದ್ದ ಸೌತೆಕಾಯಿ ಮರದ ಕೊರಡಿನ ಹಾಗಿತ್ತು. ಕೊತ್ತಂಬರಿ ಸೊಪ್ಪು ನೋಡಲು ಹಸಿರಾಗೇ ಇತ್ತು, ಹೊರಗಿಟ್ಟ 5 ನಿಮಿಷಕ್ಕೆ ಕಪ್ಪಗೆ ಮುದ್ದೆಯಾಯಿತು. ಪೂಜೆಗೆಂದು ಬಾಳೆ ಎಲೆಯಲ್ಲಿ ಸುತ್ತಿಟ್ಟಿದ್ದ ಕಾಕಡದ ಮಾಲೆ ಗಾಜಿನ ಮಣಿಸರದಂತೆ ಹೊಳೆಯುತ್ತಿತ್ತು. ಅಮ್ಮ ಅದನ್ನು ಎತ್ತಿ ಹಿಡಿದು, "ದೇವರಿಗೆ ನೆಗಡಿ ಆಗತ್ತೆ ಕಣೋ" ಅಂದರು.

ಆಗ ಡ್ರಾಯರ್ ತೆರೆದೆ. ಪುಸ್ತಕ ಓದಿದೆ. ಕನ್ನಡಕ ಹಾಕಿಕೊಂಡು.

ವಿಷಯ ಇಷ್ಟು. ಇಂಥ ಫ್ರಿಜ್ಜಿನಲ್ಲಿ ತಣ್ಣಗಿನ ಗಾಳಿ ತಯಾರಾಗುವುದು ಫ್ರೀಜರಿನ ಹಿಂದೆ. ಒಂದು ಫ್ಯಾನು ಅದನ್ನು ಕಿಂಡಿಗಳ ಮೂಲಕ ಕೆಳಗೆ ತಳ್ಳುತ್ತದೆ. ಸೂಪರ್ ಕೂಲ್ ಒತ್ತಿದರೆ ಕೆಳಗಿನ ಭಾಗಕ್ಕೆ ಆ ಗಾಳಿ ಬಿಡುವಿಲ್ಲದೆ ಬೀಸುತ್ತದೆ. ಸಂತೆಯಿಂದ ತಂದ ತರಕಾರಿ, ನೆಂಟರು ಬರುವ ಮುಂಚೆ ಹತ್ತು ಬಾಟಲಿ ನೀರು, ಇಂಥದ್ದಕ್ಕೆ ಅದು. ಕಿಂಡಿಯ ಬಾಯಿಗೇ ಮೊಸರು, ಸೌತೆಕಾಯಿ, ದೇವರ ಹೂವು ಇಟ್ಟಿದ್ದು ನಾವು. ಸೂಪರ್ ಫ್ರೀಜ್ ಮೇಲಿನ ಫ್ರೀಜರಿಗೆ. ಸಾಮಾನ್ಯವಾಗಿ ಮೈನಸ್ 18 ಡಿಗ್ರಿಯಲ್ಲಿ ಇರಬೇಕಾದ್ದನ್ನು ಇನ್ನೂ ಕೆಳಗೆ ಇಳಿಸುತ್ತದೆ. ಜಾಸ್ತಿ ಸಾಮಾನು ಇಡುವುದಿದ್ದರೆ 24 ಗಂಟೆ ಮುಂಚೆಯೇ ಒತ್ತಿಡಬೇಕಂತೆ. ಬೆಚ್ಚಗಿನ ಸಾಮಾನು ಒಳಗೆ ಹೋದಾಗ ಅಲ್ಲಿ ಮೊದಲೇ ಇದ್ದದ್ದು ಕರಗಬಾರದಲ್ವಾ, ಅದಕ್ಕೆ. ನಮ್ಮ ಡಬ್ಬಿಯ ಐಸ್‌ಕ್ರೀಮು ಆ ರಾತ್ರಿ ಪಾಯಸವಾಗಿತ್ತು.

ಬೇಗ ಹೆಪ್ಪುಗಟ್ಟಿದರೇನು, ನಿಧಾನಕ್ಕಾದರೇನು ಅಂತ ನಾನೂ ವಾದ ಮಾಡಿದೆ. ವ್ಯತ್ಯಾಸ ಇದೆ. ಸೊನ್ನೆಯಿಂದ ಮೈನಸ್ 5ರ ಆಸುಪಾಸಿನಲ್ಲಿ ನೀರು ತಡವರಿಸುತ್ತಾ ನಿಂತರೆ ಐಸಿನ ಹರಳು ದೊಡ್ಡದಾಗಿ ಬೆಳೆದು ಬೇಳೆಯ ಒಳಗನ್ನು ಚುಚ್ಚಿ ಹರಿಯುತ್ತದೆ. ಆಮೇಲೆ ಬೇಯಿಸಿದರೆ ಹಿಟ್ಟು ಹಿಟ್ಟು. ಸರ್ರನೆ ದಾಟಿದರೆ ಹರಳು ಸಣ್ಣ, ಬೇಳೆ ಗಟ್ಟಿ. 1912ರಲ್ಲಿ ಈಗಿನ ಕೆನಡಾದ ಲ್ಯಾಬ್ರಡಾರ್ ಎಂಬ ಚಳಿಪ್ರದೇಶಕ್ಕೆ ಹೋಗಿದ್ದ ಕ್ಲಾರೆನ್ಸ್ ಬರ್ಡ್ಸ್ಐ ಎಂಬ ಅಮೆರಿಕದವನು ಇದನ್ನು ಅಲ್ಲಿನ ಇನ್ಯುಯಿಟ್ ಜನರಿಂದ ಕಲಿತ. ಅವರು ಹಿಡಿದ ಮೀನು ಆ ಕೊರೆಯುವ ಚಳಿಗಾಳಿಗೆ ಕಣ್ಣೆದುರೇ ಮರಗಟ್ಟುತ್ತಿತ್ತಂತೆ. ಎಷ್ಟೋ ದಿನ ಕಳೆದು ಕರಗಿಸಿದರೂ ತಾಜಾ ರುಚಿ. ಇದನ್ನೆಲ್ಲ ಹೆಂಡತಿಗೆ ವಿವರಿಸಿದೆ. ಅವಳು ಮೊಸರು ಕೆರೆಯುತ್ತಾ, "ಅವನಿಗೆ ಕನ್ನಡಕ ಇತ್ತಾ?" ಅಂದಳು.

ನಮ್ಮ ಬೇಳೆಯ ಕವರು ಮುಟ್ಟಿ ನೋಡಿದರೆ ಹೊರಗೆ ಗಟ್ಟಿ, ನಡುವೆ ಇನ್ನೂ ಮೆತ್ತಗೆ. ದಪ್ಪ ಮೂಟೆ ಮಾಡಿದ್ದೇ ತಪ್ಪು. ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಗಟ್ಟಿಯಾದ ಮೇಲೆ ಕವರಿಗೆ ಹಾಕಿದ್ದರೆ ಬಿಡಿಬಿಡಿಯಾಗಿ ಇರುತ್ತಿತ್ತು. ಈಗ ಏನು ಮಾಡೋದು? ಸರಿಯಾದ ಗುಂಡಿ ಒತ್ತಿದೆ. ಫ್ರಿಜ್ಜು ಗುಂಯ್ ಅಂತ ಶುರು ಮಾಡಿದ್ದು ನಿಲ್ಲಿಸಲೇ ಇಲ್ಲ. ಕಂಪ್ರೆಸರಿಗೆ ವಿಶ್ರಾಂತಿ ಇಲ್ಲದಿರುವುದೇ ಅದರ ಸೂಪರ್ರು.

ಇಲ್ಲಿಗೆ ಸುಮ್ನೆ ಇದ್ದಿದ್ದರೆ ಆಗಿತ್ತು. ಹೇಗೂ ಸೂಪರ್ ಓಡುತ್ತಿದೆಯಲ್ಲ, ಒಂದು ಪನ್ನೀರ್ ಸೋಡಾ ಹತ್ತೇ ನಿಮಿಷ ತಣ್ಣಗಾಗಲಿ ಎಂದು ಬಾಟಲಿಯನ್ನು ಬೇಳೆಯ ಪಕ್ಕ ಮಲಗಿಸಿದೆ. ಅಷ್ಟರಲ್ಲಿ ಷಡ್ಡಕನ ಫೋನು. ಷಡ್ಡಕನ ಫೋನು ಹತ್ತು ನಿಮಿಷಕ್ಕೆ ಮುಗಿಯುವುದಿಲ್ಲ. ಮುಗಿದ ಮೇಲೆ ನನಗೆ ಸೋಡಾ ನೆನಪಿರಲಿಲ್ಲ.

ರಾತ್ರಿ ಒಂದು ಗಂಟೆಗೆ ಢಬ್ ಅಂತು. ಅಮ್ಮ ಎದ್ದು ಕೂತು, "ಸಿಲಿಂಡರ್ರಾ?" ಅಂದರು. ಹೆಂಡತಿ ಕಣ್ಣು ಬಿಡದೆ, "ಇಲ್ಲ ಅತ್ತೆ, ನಿಮ್ಮ ಮಗ" ಅಂದಳು. ನೀರು ಹೆಪ್ಪುಗಟ್ಟಿದರೆ ಸುಮಾರು 9 ಪರ್ಸೆಂಟು ಹಿಗ್ಗುತ್ತದೆ. ಸೋಡಾಕ್ಕೆ ಗ್ಯಾಸಿನ ಒತ್ತಡ ಬೇರೆ. ಪ್ಲಾಸ್ಟಿಕ್ ಬಾಟಲಿಯಾದ್ದರಿಂದ ಸೀಳಿ ಮುಚ್ಚಳ ಹಾರಿತ್ತು ಅಷ್ಟೇ. ಗಾಜಿನದಾಗಿದ್ದರೆ ಅಷ್ಟೂ ಬೇಳೆ ಕಸಕ್ಕೆ ಹೋಗುತ್ತಿತ್ತು, ಜೊತೆಗೆ ನಾನೂ. ಫ್ರೀಜರಿನ ಗೋಡೆಯ ತುಂಬಾ ಮಂಜಿನಂಥ ಸೋಡಾ. ಒರೆಸಿದೆ. ಒಂದು ಕವರಿನ ಬಾಯಿ ಸರಿಯಾಗಿ ಕಟ್ಟಿರಲಿಲ್ಲ ಅನ್ನೋದು ಕಾಣಿಸಿತು. ಗಂಟು ಹಾಕಿ, ಯಾರಿಗೂ ಹೇಳದೆ ಮಲಗಿದೆ.

ಯುಗಾದಿಗೆ ಮಗಳು ಅಳಿಯ ಬಂದರು. ಹಬ್ಬದ ಒಬ್ಬಟ್ಟು ಮುಗಿದು, ಮಾರನೇ ದಿನ ಬೆಳಗ್ಗೆ ಕವರು ಹೊರಗೆ ತೆಗೆದರೆ ಅದು ಬೇಳೆಯಲ್ಲ, ಸೈಜುಗಲ್ಲು. ಮೊದಲು ಲಟ್ಟಣಿಗೆಯಲ್ಲಿ ಹೊಡೆದೆ. ಲಟ್ಟಣಿಗೆ ಬಿರುಕು ಬಿಟ್ಟಿತು. ಕುಟ್ಟಾಣಿಯಲ್ಲಿ ಹೊಡೆದೆ. ಒಂದು ಚೂರು ಸಿಡಿದು ಸೋಫಾದ ಕೆಳಗೆ ಜಾರಿಕೊಂಡು ಹೋಯಿತು. "ನಮ್ಮ ಕಾಲದಲ್ಲಿ ಬೇಳೆ ಬೇಯಿಸ್ತಿದ್ವಿ, ಒಡೀತಿರ್ಲಿಲ್ಲ" ಅಂದರು ಅಮ್ಮ. ಕೊನೆಗೆ ಹೆಂಡತಿ ಬಂದು ಇಡೀ ಕಲ್ಲನ್ನು ಎತ್ತಿ ಕುದಿಯುವ ನೀರಿಗೆ ಹಾಕಿದಳು. ಹತ್ತು ನಿಮಿಷದಲ್ಲಿ ಬಿಟ್ಟುಕೊಂಡಿತು. ಇದನ್ನು ಮೊದಲೇ ಹೇಳಬಹುದಿತ್ತು.

ಊಟಕ್ಕೆ ಕೂತೆವು. ಮಗಳು ಒಂದು ತುತ್ತು ಬಾಯಿಗಿಟ್ಟು ನಿಂತಳು. "ಅಮ್ಮಾ, ಸಾರಿಗೆ ಗುಲ್ಕನ್ ಹಾಕಿದ್ಯಾ?" ಹೆಂಡತಿ ಸಾರಿನ ಪಾತ್ರೆ ಮೂಸಿದಳು, ಆಮೇಲೆ ನನ್ನ ಮುಖ ನೋಡಿದಳು. ನಾನು ಉಪ್ಪಿನಕಾಯಿ ಜಾಡಿಯ ಮೇಲಿನ ಚೀಟಿ ಓದುತ್ತಿದ್ದೆ. ಅಳಿಯ ಪಾಪ ಎರಡನೇ ಸಲ ಬಡಿಸಿಕೊಂಡು, "ಚೆನ್ನಾಗಿದೆ ಮಾವ, ಡಿಫರೆಂಟಾಗಿದೆ" ಅಂದ. ಒಳ್ಳೇ ಹುಡುಗ.

ಈಗ ಸೂಪರ್ ಕೂಲ್ ಗುಂಡಿಯ ಮೇಲೆ ಹೆಂಡತಿ ತನ್ನ ದೊಡ್ಡ ಕೆಂಪು ಹಣೆ ಸ್ಟಿಕ್ಕರ್ ಅಂಟಿಸಿದ್ದಾಳೆ. ಅಂದರೆ ಮುಟ್ಟಬಾರದು. ಸೂಪರ್ ಫ್ರೀಜಿಗೆ ಹಸಿರು. ಅಂದರೆ ಕೇಳಿ ಮುಟ್ಟಬೇಕು. ಮೊನ್ನೆ ಪಕ್ಕದ ಮನೆ ಪುಟ್ಟಿ ಬಂದವಳು, "ಅಜ್ಜಿ, ಫ್ರಿಜ್ಜಿಗೆ ಯಾಕೆ ಕುಂಕುಮ ಇಟ್ಟಿದ್ದೀರಾ?" ಅಂತ ಕೇಳಿದಳು.

"ದೃಷ್ಟಿ ಆಗಿತ್ತು ಕಣೇ" ಅಂದರು ಅಮ್ಮ. "ಮನೆಯವರದ್ದೇ."